ಮೀನೂ ಕಾಯದು, ಕಳ್ಳೂ ಕಾಯದು!

ಶನಿವಾರ ಸಂಜೆಯಾಯಿತೆಂದರೆ ಉಡುಪಿಯಿಂದ ಮಲ್ಪೆಗೆ ಹೋಗುವ ಸಿಟಿ ಬಸ್ಸು ಆಮೆ ನಡಿಗೆಗೆ ಇಳಿಯುತ್ತದೆ. ಮುಂದೆ ಕಾರು, ಹಿಂದೆ ಕಾರು. ನಂಬರು 14 ಅಂದರೆ ಶಿವಮೊಗ್ಗ, 13 ಅಂದರೆ ಹಾಸನ. ಬೆಂಗಳೂರಿನ ನಂಬರುಗಳಿಗಂತೂ ಲೆಕ್ಕವೇ ಇಲ್ಲ. ಒಂದೊಂದರಲ್ಲೂ ಐದಾರು ಜನ ಗೆಳೆಯರು. ವಾರವಿಡೀ ಆಫೀಸು, ಅಂಗಡಿ, ಸಾಲದ ಕಂತು ಅಂತ ಬೆಂದವರು. ಎರಡು ದಿನ ಕಡಲು ನೋಡಿ, ಮೀನು ತಿಂದು, ಒಂದಿಷ್ಟು ತಣ್ಣಗೆ ಕುಡಿದು ಹೋಗೋಣ ಅಂತ ಘಟ್ಟ ಇಳಿದವರು.

ಬರಲಿ, ತಪ್ಪೇನಿಲ್ಲ. ಅವರು ಬಂದರೆ ರಿಕ್ಷಾಕ್ಕೆ ಬಾಡಿಗೆ, ಗೂಡಂಗಡಿಗೆ ವ್ಯಾಪಾರ. ಬಸ್ಸಿನಲ್ಲಿ ನಿಂತವರು ಅರ್ಧ ಗಂಟೆ ಬೆವರು ಒರೆಸಿಕೊಂಡರೂ ಆ ಲೆಕ್ಕದಲ್ಲಿ ಊರಿಗೆ ನಷ್ಟವಿಲ್ಲ.

ಆದರೆ ಬಂದವರು ಮಾಡುವುದೇನು? ಹೋಟೆಲಿನಲ್ಲಿ ಕೂತ ಕೂಡಲೇ, "ಅಂಜಲ್ ಫ್ರೈ ಇದೆಯಾ?" "ಉಂಟು" ಅಂದರೆ ಸಮಾಧಾನ. ಜೊತೆಗೆ ತಮ್ಮೂರ ಗಲ್ಲಿಯಲ್ಲೂ ಸಿಗುವ ಅದೇ ಬಾಟ್ಲಿ ಬಿಯರು. ಇಷ್ಟಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟು ಬರಬೇಕಿತ್ತಾ ಮಾರಾಯ್ರೆ?

ಕರಾವಳಿಯ ಒಳ್ಳೆಯ ಸರಕಿಗೆಲ್ಲ ಒಂದು ಗುಣ ಉಂಟು. ಅದು ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆಯದು ಸಂಜೆಗಿಲ್ಲ, ಸಂಜೆಯದು ನಾಳೆಗಿಲ್ಲ. ಹಾಗಾಗಿಯೇ ಅದು ಪಾರ್ಸೆಲ್ ಆಗಿ ಘಟ್ಟ ಹತ್ತುವುದಿಲ್ಲ. ತಿನ್ನುವವರೇ ಇಳಿದು ಬರಬೇಕು, ಅದರ ಹೊತ್ತಿಗೆ ತಾವು ಹೊಂದಿಕೊಳ್ಳಬೇಕು.

ಯಾವ ದೋಣಿಯ ಮೀನು?

ಮಲ್ಪೆ ಬಂದರಿನಲ್ಲಿ ಇಳಿದ ಮೀನೆಲ್ಲ ಇವತ್ತಿನದು ಅಂತ ಹೊರಗಿನವರ ನಂಬಿಕೆ. ಆಳ ಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಹೊರಟರೆ ಎಂಟು ಹತ್ತು ದಿನ ಕಡಲಲ್ಲೇ ಇರುತ್ತವೆ. ಹೊಟ್ಟೆ ತುಂಬ ಮಂಜುಗಡ್ಡೆ ಹೊತ್ತೇ ಹೋಗುತ್ತವೆ. ಅದರಲ್ಲಿ ಬಂದ ದೊಡ್ಡ ಮೀನು ಬಲೆಗೆ ಬಿದ್ದದ್ದು ಮೊದಲ ದಿನವೋ ಕೊನೆಯ ದಿನವೋ, ತಟ್ಟೆಗೆ ಗೊತ್ತಾಗುವುದಿಲ್ಲ. ಅದು ಕೆಟ್ಟ ಮೀನೇನಲ್ಲ. ಆದರೆ ಅದೇ ಮಂಜುಗಡ್ಡೆಯಲ್ಲಿ ಅದು ಬೆಂಗಳೂರಿಗೂ ಹೋಗುತ್ತದೆ. ಅಲ್ಲೇ ತಿನ್ನಬಹುದಿತ್ತು!

ದಡದ ಹತ್ತಿರ ಬಲೆ ಬೀಸಿ ಅದೇ ದಿನ ಮರಳುವ ನಾಡದೋಣಿಯವರ ಬಂಗುಡೆ, ಬೂತಾಯಿ, ಕಾಣೆ, ನಂಗ್, ಇವುಗಳ ರುಚಿಯೇ ಬೇರೆ. ಕಿವಿರು ಕೆಂಪಗೆ, ಕಣ್ಣು ಹೊಳೆಯುತ್ತಾ, ಒತ್ತಿದರೆ ಮಾಂಸ ಗಟ್ಟಿಯಾಗಿ ಇದ್ದರೆ ಅದು ಹೊಸ ಮೀನು. ಬ್ಯಾಡಗಿ ಮೆಣಸು, ಹುಣಸೆಹುಳಿ ಹಾಕಿದ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಮೀನು ಮಾರುವ ಹೆಂಗಸು ಮನೆಗೆ ಹೋಗಿ ಉಣ್ಣುವುದೂ ಅದನ್ನೇ. ಅಂಜಲ್‌ನ ಒಂದು ತುಂಡಿನ ದುಡ್ಡಿನಲ್ಲಿ ಇಬ್ಬರ ಊಟ ಮುಗಿಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೀನು ಮರಿ ಹಾಕುವ ಕಾಲ ಅಂತ ಸರಕಾರದ ನಿಷೇಧ. ಆ ದಿನಗಳಲ್ಲಿ ಬಂದು ತಾಜಾ ಅಂಜಲ್ ಬೇಕೆಂದು ಹಟ ಹಿಡಿದರೆ ಹೋಟೆಲಿನವನಾದರೂ ಏನು ಮಾಡಿಯಾನು? ಹೊರಗಿನ ಪೆಟ್ಟಿಗೆ ಒಡೆಯುತ್ತಾನೆ, ಅಷ್ಟೆ. ಮಳೆಗಾಲಕ್ಕೆ ಈ ಊರು ಮೊದಲಿಂದಲೂ ಬೇರೆ ಊಟ ಇಟ್ಟುಕೊಂಡಿದೆ: ಗಂಜಿ, ಒಣಮೀನಿನ ಚಟ್ನಿ, ಕೆಸುವಿನೆಲೆಯ ಪತ್ರೊಡೆ. ಗುಂಪಿನಲ್ಲಿ ಒಬ್ಬ ಸಸ್ಯಾಹಾರಿ ಇದ್ದರೆ ಅವನಿಗೂ ನಷ್ಟವಿಲ್ಲ. ಚಳಿಗಾಲದಲ್ಲಿ ಬಂದರೆ 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಪಡೆದ ಮಟ್ಟುಗುಳ್ಳ ಇಲ್ಲೇ ಪಕ್ಕದಲ್ಲಿ ಬೆಳೆಯುತ್ತದೆ.

ಮರದ ಮೇಲಿನ ಬ್ರೂವರಿ

ಇನ್ನು ಕುಡಿಯುವ ವಿಷಯ. ಬೆಂಗಳೂರಿನಲ್ಲಿ 2010ರ ಸುಮಾರಿಗೆ ಶುರುವಾದ, ಹೋಟೆಲಿನಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋ ಬ್ರೂವರಿ ಪದ್ಧತಿ ಕರಾವಳಿಗೂ ಬಂದಿದೆ. ಗೆಳೆಯರು "ಲೋಕಲ್ ಬಿಯರು" ಅಂತ ಹುಡುಕಿಕೊಂಡು ಹೋಗುತ್ತಾರೆ. ಲೋಕಲ್ ಎಷ್ಟು? ಬಾರ್ಲಿ ಕರಾವಳಿಯಲ್ಲಿ ಬೆಳೆಯುವುದಿಲ್ಲ, ಉತ್ತರದ ರಾಜ್ಯಗಳಿಂದ ಬರಬೇಕು. ಕಹಿಗೆ ಹಾಕುವ ಹಾಪ್ಸ್ ಹೂವು ಹೆಚ್ಚಾಗಿ ಪರದೇಶದ್ದು. ಊರಿನದು ಅಂತ ಹೇಳಬಹುದಾದ್ದು ನೀರು ಒಂದೇ!

ಕರಾವಳಿಯ ಸ್ವಂತ ಬ್ರೂವರಿ ತೆಂಗಿನ ಮರದ ತಲೆಯ ಮೇಲಿದೆ. ತಾರಿ ಮರದ ಮೇಲೂ ಇದೆ. ಅರಳದ ಹೊಂಬಾಳೆಯನ್ನು ಕಟ್ಟಿ, ದಿನವೂ ಮೆಲ್ಲಗೆ ಬಡಿದು ಹದ ಮಾಡಿ, ತುದಿ ಕೆತ್ತಿ, ಮಡಕೆ ಕಟ್ಟಿದರೆ ರಸ ತೊಟ್ಟಿಕ್ಕುತ್ತದೆ. ಈ ಕಸುಬಿಗೆ ಇಲ್ಲಿ ಮೂರ್ತೆ ಅಂತ ಹೆಸರು. ಮಡಕೆಗೆ ಒಳಗಿಂದ ಸುಣ್ಣ ಬಳಿದರೆ ರಸ ಹುಳಿಯುವುದಿಲ್ಲ, ಅದು ಸಿಹಿ ನೀರಾ. ಸುಣ್ಣ ಇಲ್ಲದಿದ್ದರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಹುದುಗು ಕೆಲಸ ಶುರುಮಾಡುತ್ತದೆ. ಕೆಲವೇ ಗಂಟೆಯಲ್ಲಿ ನೊರೆಯೆದ್ದು ಕಳ್ಳಾಗುತ್ತದೆ, ತುಳುವಿನಲ್ಲಿ ಕಲಿ. ಸಂಜೆಗೆ ಅದರ ಮತ್ತು ಹೆಚ್ಚುಕಡಿಮೆ ಬಿಯರಿನಷ್ಟೇ. ಇನ್ನೂ ಇಟ್ಟರೆ ವಿನೆಗರ್. ಅಷ್ಟೇ ಅದರ ಆಯಸ್ಸು. ಕಾರ್ಖಾನೆಯ ಬಾಟ್ಲಿಯ ಎದುರು ಕಳ್ಳು ಸೋತದ್ದು ರುಚಿಯಲ್ಲಿ ಅಲ್ಲ, ಕಪಾಟಿನಲ್ಲಿ ಕೂತು ಕಾಯಲಾರದ್ದರಿಂದ.

ಅದು ಬರೀ ಗಡಂಗಿನ ಸರಕೂ ಅಲ್ಲ. ಕ್ರಿಶ್ಚಿಯನ್ನರ ಮನೆಯ ಹಬ್ಬದ ಸಣ್ಣ ಹತ್ತಿಯ ಹಾಗೆ ಉಬ್ಬುತ್ತಿದ್ದದ್ದು ಅಕ್ಕಿ ಹಿಟ್ಟಿಗೆ ಕಳ್ಳು ಬೆರೆಸಿದ್ದರಿಂದ. ಈಗ ಎಷ್ಟೋ ಅಡುಗೆಮನೆಗಳಲ್ಲಿ ಅಂಗಡಿಯ ಈಸ್ಟ್ ಪೊಟ್ಟಣ ಆ ಕೆಲಸ ಮಾಡುತ್ತದೆ. ಉಬ್ಬುವುದು ಉಬ್ಬುತ್ತದೆ. ಪರಿಮಳ? ತಿಂದ ಹಳಬರನ್ನು ಕೇಳಬೇಕು.

ಹತ್ತುವವರು ಯಾರು?

ಮೂರ್ತೆದಾರನಿಗೆ ಭಾನುವಾರ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೊಂದು ಮರವನ್ನೂ ಹತ್ತಿಳಿಯಲೇಬೇಕು. ಒಂದು ದಿನ ಕೆತ್ತದಿದ್ದರೆ ಹೊಂಬಾಳೆಯ ಗಾಯ ಒಣಗುತ್ತದೆ, ರಸ ನಿಲ್ಲುತ್ತದೆ. ಮಳೆಗೆ ಕಾಂಡ ಜಾರುತ್ತದೆ. ಕೈ ತಪ್ಪಿದರೆ ಮನೆಯವರ ಪಾಡೇನು? ಮಕ್ಕಳು ಮುಂಬೈ ನೋಡಿದರು, ಗಲ್ಫ್ ನೋಡಿದರು, ಶಾಲೆ ಕಲಿತು ಕುರ್ಚಿ ಹಿಡಿದರು. ಕರಾವಳಿಯಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಇಂದಿಗೂ ಉಂಟು. ಒಳಗೆ ಹೋದರೆ ಹಲವು ಕಡೆ ನಡೆಯುವುದು ಠೇವಣಿ, ಸಾಲದ ವ್ಯವಹಾರ. ಬೋರ್ಡಿನಲ್ಲಿ ಮೂರ್ತೆ, ಕೌಂಟರಿನಲ್ಲಿ ಸಾಲದ ಅರ್ಜಿ.

ಇದಕ್ಕೆ ಕಣ್ಣೀರು ಹಾಕುವ ಮೊದಲು ಒಂದು ನೆನಪಿರಲಿ. ಈ ಕಸುಬು ತಲೆತಲಾಂತರದಿಂದ ಇದ್ದದ್ದು ಬಿಲ್ಲವರ ಕೈಯಲ್ಲಿ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಅವರಿಗಾಗಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳೇ ಮದ್ಯ ಇಳಿಸುವುದೂ ಬೇಡ, ಕುಡಿಯುವುದೂ ಬೇಡ ಅಂತ ಬೋಧಿಸಿದವರು. ಮಗ ಮರ ಹತ್ತದೆ ಪುಸ್ತಕ ಹಿಡಿದರೆ ಅಪ್ಪನಿಗೆ ಸಂತೋಷವೇ. "ಅಯ್ಯೋ, ಹಳೇ ಕಸುಬು ಹೋಯಿತಲ್ಲಾ" ಅನ್ನುವ ಪ್ರವಾಸಿ ತಾನು ಒಮ್ಮೆ ಹತ್ತಿ ನೋಡಲಿ! ಆದರೆ ಇನ್ನೂ ಹತ್ತುತ್ತಿರುವವನ ಮಡಕೆಗೆ ತಕ್ಕ ಬೆಲೆ ಬಾರದೆ ಅವನು ಇಳಿದುಬಿಟ್ಟರೆ, ಅದು ಬೇರೆ ಮಾತು. ಆ ಬೆಲೆ ಕೊಡುವ ಶಕ್ತಿ ಶನಿವಾರದ ಕಾರುಗಳಿಗೆ ಉಂಟು. ಪರವಾನಗಿ ಇದ್ದ ಅಂಗಡಿ ನೋಡಿ, ಹೊತ್ತು ನೋಡಿ, ಒಂದು ಗ್ಲಾಸು ರುಚಿ ನೋಡಿದರೆ ದುಡ್ಡು ಊರಿನಲ್ಲೇ ಉಳಿಯುತ್ತದೆ.

ಕಡಲೂ ಕಾಯದು

ಒಂದು ಗ್ಲಾಸು ಅಂದದ್ದು ಸುಮ್ಮನೆ ಅಲ್ಲ. ಕುಡಿದು ನೀರಿಗಿಳಿಯುವವರಿಗೆ ಕಡಲು ಎರಡನೇ ಅವಕಾಶ ಕೊಡುವುದಿಲ್ಲ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ನೀರು ಸಮತಟ್ಟಾಗಿ, ಸೌಮ್ಯವಾಗಿ ಕಂಡರೆ ಅಲ್ಲೇ ಒಳಸೆಳೆತ ಇರುವುದು ಹೆಚ್ಚು. ಹೊಸಬರು ಇಳಿಯುವುದೂ ಅಲ್ಲಿಗೇ! ಸಿಕ್ಕಿಬಿದ್ದರೆ ದಡದ ಕಡೆಗೆ ನೇರ ಸೆಣಸಬಾರದು. ದಡಕ್ಕೆ ಸಮನಾಗಿ ಬದಿಗೆ ಈಜಿ, ಸೆಳೆತ ದಾಟಿ, ಆಮೇಲೆ ದಡಕ್ಕೆ ಬರಬೇಕು. ಇದಕ್ಕೆ ತಲೆ ನೆಟ್ಟಗಿರಬೇಕು. ಮಳೆಗಾಲದಲ್ಲಂತೂ ದೂರ ನಿಂತು ನೋಡುವುದೇ ಜಾಣತನ.

ಭಾನುವಾರ ಸಂಜೆ ಆಗುಂಬೆ ಘಾಟಿಯ 14 ತಿರುವು ಹತ್ತಬೇಕಾದವನು ಮುಟ್ಟಲೇಬಾರದು. 2019ರ ತಿದ್ದುಪಡಿಯ ಮೇಲೆ ಕುಡಿದು ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದಕ್ಕಿಂತ ಬಸ್ಸೇ ಅಗ್ಗ. ಡ್ರೈವರು ಎಚ್ಚರ, ಐವರು ಗೆಳೆಯರೂ ನಿದ್ದೆ ಮಾಡಬಹುದು.

ಊರಿನ ಹೋಟೆಲಿನವರಿಗೂ ಒಂದು ಮಾತು. ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿ. ಇವತ್ತು ಯಾವ ಮೀನು, ನಾಡದೋಣಿಯದ್ದೋ ಮಂಜುಗಡ್ಡೆಯದ್ದೋ, ತುಂಡಿಗೆ ಎಷ್ಟು ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಬಿಲ್ಲು ನೋಡಿ ಬೆಚ್ಚಿದ ಗಿರಾಕಿ ಊರಿಗೆ ಹೋಗಿ ಹತ್ತು ಜನರಿಗೆ ಹೇಳುತ್ತಾನೆ. ಬೂತಾಯಿ ತಿಂದು ಬೆರಳು ನೆಕ್ಕಿದವನೂ ಹೇಳುತ್ತಾನೆ. ಒಂದು ಚಾಕ್‌ಪೀಸಿನ ಖರ್ಚು.