ಪ್ಲಾಸ್ಮಾ ಟಾರ್ಚ್‌ಗೆ ಎತ್ತರ ಗೊತ್ತಾಗೋದು ಹೇಗೆ? ತಪ್ಪಿದಾಗ ಹುಡುಕೋದು ಎಲ್ಲಿ?

ಸಿಎನ್‌ಸಿ ಪ್ಲಾಸ್ಮಾ ಟೇಬಲ್‌ನಲ್ಲಿ ಕಟ್ ಕೆಟ್ಟರೆ ನಾವು ಮೊದಲು ಗೂಬೆ ಕೂರಿಸೋದು ಆಪರೇಟರ್ ಮೇಲೆ. ಆಮೇಲೆ ಜಿ-ಕೋಡ್ ಮೇಲೆ. ಕೊನೆಗೆ ಎಲ್ಲರೂ ಸೇರಿ ಸೆಟ್ಟಿಂಗ್ಸ್ ತೆರೆದು ಒಂದೊಂದೇ ನಂಬರ್ ಬದಲಾಯಿಸುತ್ತಾ ಕೂರ್ತೀವಿ. ಅಷ್ಟರಲ್ಲಿ ಎರಡು ನಾಝಲ್ ಸುಟ್ಟಿರುತ್ತೆ, ಬಾಹಾ ಟೀಮ್ ಬ್ರಾಕೆಟ್‌ಗೆ ಇಟ್ಟಿದ್ದ 6 ಮಿ.ಮೀ. ಪ್ಲೇಟ್ ಸ್ಕ್ರ್ಯಾಪ್ ಆಗಿರುತ್ತೆ. ಆದರೆ ಬಹಳ ಸಲ ತಪ್ಪಿರೋದು ಒಂದೇ ವಿಷಯ: ಟಾರ್ಚ್‌ಗೂ ಪ್ಲೇಟ್‌ಗೂ ನಡುವೆ ಇರಬೇಕಾದ ಅಂತರ.

ಈ ಅಂತರ ಎಷ್ಟು ಸಣ್ಣದು ನೋಡಿ. ಸಾಮಾನ್ಯವಾಗಿ 45 ಆಂಪಿಯರ್‌ನ ಏರ್ ಪ್ಲಾಸ್ಮಾ ಟಾರ್ಚ್ ಕತ್ತರಿಸೋದು ಪ್ಲೇಟ್‌ನಿಂದ ಸುಮಾರು 1.5 ಮಿ.ಮೀ. ಮೇಲಿಂದ. ಶುರುವಿನಲ್ಲಿ ತೂತು ಕೊರೆಯುವಾಗ ಮಾತ್ರ 3.8 ಮಿ.ಮೀ. ಹತ್ತಿರ ನಿಲ್ಲುತ್ತೆ. ಅದಕ್ಕಿಂತ ಕೆಳಗಿದ್ರೆ ಕರಗಿದ ಕಬ್ಬಿಣ ಮೇಲಕ್ಕೆ ಚಿಮ್ಮಿ ನಾಝಲ್‌ಗೇ ಅಂಟಿಕೊಳ್ಳುತ್ತೆ. ತೀರಾ ಮೇಲಿದ್ರೆ ಆರ್ಕ್ ಪ್ಲೇಟ್‌ಗೆ ದಾಟೋದೇ ಇಲ್ಲ. ಕತ್ತರಿಸುವಾಗ ಎತ್ತರ ಜಾಸ್ತಿಯಾದ್ರೆ ಅಂಚು ಓರೆಯಾಗುತ್ತೆ, ಮೇಲ್ಭಾಗ ದುಂಡಗಾಗುತ್ತೆ. ಇದರ ಜೊತೆಗೆ ಯಾವ ಪ್ಲೇಟೂ ಪೂರ್ತಿ ಸಮತಟ್ಟಾಗಿರಲ್ಲ, ಬಿಸಿಗೆ ಇನ್ನೂ ಡೊಂಕಾಗುತ್ತೆ.

ಹಾಗಾದ್ರೆ ಯಂತ್ರ ಎತ್ತರವನ್ನ ಅಳೆಯೋದು ಹೇಗೆ? ನಿಜ ಹೇಳಬೇಕಂದ್ರೆ ಅದು ಎತ್ತರವನ್ನ ನೋಡೋದೇ ಇಲ್ಲ. ನೋಡೋದು ಎರಡು ವಿದ್ಯುತ್ ಸಂಗತಿಗಳನ್ನ ಮಾತ್ರ.

ಮೊದಲನೆಯದು ಓಮಿಕ್ ಸೆನ್ಸಿಂಗ್. ಟಾರ್ಚ್‌ನ ತುದಿಯಲ್ಲಿರುವ ತಾಮ್ರದ ಶೀಲ್ಡ್‌ಗೆ ಕ್ಲಿಪ್ ಹಾಕಿ ಒಂದು ವೈರ್ ಕೊಟ್ಟಿರ್ತಾರೆ. ಟಾರ್ಚ್ ನಿಧಾನಕ್ಕೆ ಇಳಿದು ಶೀಲ್ಡ್ ಪ್ಲೇಟ್‌ಗೆ ತಾಗಿದ ಕ್ಷಣ ಸರ್ಕ್ಯೂಟ್ ಪೂರ್ತಿಯಾಗುತ್ತೆ. ಕಂಟ್ರೋಲರ್ ಅದನ್ನೇ ಸೊನ್ನೆ ಅಂತ ಬರೆದುಕೊಂಡು, ಅಲ್ಲಿಂದ 3.8 ಮಿ.ಮೀ. ಮೇಲೇರಿ ಆರ್ಕ್ ಹಚ್ಚುತ್ತೆ. ಮನೆಯ ಕಾಲಿಂಗ್ ಬೆಲ್ ಇದ್ದ ಹಾಗೆ. ಹಾಗಾಗಿ ಕಾಯಿಲೆಗಳೂ ಬೆಲ್‌ನವೇ: ಯಾರೂ ಒತ್ತದೆ ಬಡ್ಕೊಳ್ಳೋದು, ಇಲ್ಲಾ ಒತ್ತಿದ್ರೂ ಬಡೀದೆ ಇರೋದು.

ಟಾರ್ಚ್ ಪ್ಲೇಟ್‌ಗೆ ತಾಗುವ ಮೊದಲೇ ಗಾಳಿಯಲ್ಲಿ ನಿಂತು ಆರ್ಕ್ ಹಚ್ಚೋಕೆ ನೋಡಿದ್ರೆ ಅದು ಯಾರೂ ಒತ್ತದ ಬೆಲ್. ಮಳೆಗಾಲದಲ್ಲಿ ಬೆಲ್ ಸ್ವಿಚ್ ಒದ್ದೆಯಾದ್ರೆ ಆಗೋ ಕಥೆಯೇ ಇಲ್ಲೂ ಆಗುತ್ತೆ. ವಾಟರ್ ಟೇಬಲ್‌ನಿಂದ ಚಿಮ್ಮಿದ ನೀರು ಶೀಲ್ಡ್‌ನಿಂದ ಪ್ಲೇಟ್‌ಗೆ ದಾರಿ ಮಾಡಿಕೊಡುತ್ತೆ. ಸೆನ್ಸ್ ಮಾಡುವಾಗಲೇ ಗಾಳಿ ಬಿಟ್ಟು ನೀರನ್ನ ಊದಿ ಓಡಿಸೋದು ಇದಕ್ಕೆ ರೂಢಿಯ ಪರಿಹಾರ. ಇನ್ನೊಂದು ಕಾರಣ, ಶೀಲ್ಡ್ ಮತ್ತು ನಾಝಲ್ ನಡುವೆ ಸಿಕ್ಕಿಕೊಂಡ ಲೋಹದ ಕಣ. ಮೂರನೆಯದು, ಸಿಪ್ಪೆ ಸುಲಿದು ಗ್ಯಾಂಟ್ರಿಗೆ ಉಜ್ಜುತ್ತಿರುವ ವೈರ್. ಯಾವುದು ಅಂತ ಹುಡುಕೋದು ಸುಲಭ: ಕ್ಲಿಪ್ ಅನ್ನು ಟಾರ್ಚ್‌ನಿಂದ ಬಿಚ್ಚಿ, ಎಲ್ಲೂ ತಾಗದ ಹಾಗೆ ಹಿಡಿದು ಸ್ಕ್ರೀನ್ ನೋಡಿ. ಸೆನ್ಸರ್ ಇನ್‌ಪುಟ್ ಇನ್ನೂ ಆನ್ ಇದ್ರೆ ತೊಂದರೆ ವೈರ್‌ನಲ್ಲೋ ಸೆನ್ಸರ್ ಬೋರ್ಡ್‌ನಲ್ಲೋ ಇದೆ. ಆಫ್ ಆದ್ರೆ ಟಾರ್ಚ್ ತುದಿಯನ್ನ ಬಿಚ್ಚಿ ಸ್ವಚ್ಛ ಮಾಡಿ.

ಟಾರ್ಚ್ ಪ್ಲೇಟ್‌ಗೆ ತಾಗಿದ್ರೂ ನಿಲ್ಲದೆ ಒತ್ತುತ್ತಾ ಹೋದ್ರೆ ಅದು ಒತ್ತಿದ್ರೂ ಬಡೀದ ಬೆಲ್. ತುಕ್ಕು, ಬಣ್ಣ, ಹೊಸ ಪ್ಲೇಟ್ ಮೇಲಿನ ಕಪ್ಪು ಪದರ ಇವು ಕರೆಂಟನ್ನ ಸರಿಯಾಗಿ ಬಿಡಲ್ಲ. ಅರ್ಥ್ ಕ್ಲ್ಯಾಂಪ್ ಅನ್ನು ಪ್ಲೇಟ್‌ಗೆ ಹಾಕೋ ಬದಲು ತುಕ್ಕು ಹಿಡಿದ ಟೇಬಲ್ ಪಟ್ಟಿಗೆ ಹಾಕಿದ್ರೂ ಹೀಗೇ ಆಗುತ್ತೆ. ಇದಕ್ಕೂ ಅದೇ ಕ್ಲಿಪ್ ಸಾಕು. ಅದನ್ನ ಗ್ರೈಂಡರ್‌ನಿಂದ ಉಜ್ಜಿ ಹೊಳೆಯುವ ಹಾಗೆ ಮಾಡಿದ ಜಾಗಕ್ಕೆ ಮುಟ್ಟಿಸಿ. ಇನ್‌ಪುಟ್ ಆನ್ ಆಯ್ತು, ಉಜ್ಜದ ಜಾಗದಲ್ಲಿ ಆಗಲಿಲ್ಲ ಅಂದ್ರೆ ಪ್ಲೇಟ್ ಮೇಲ್ಮೈ ಕೊಳೆ. ಎರಡೂ ಕಡೆ ಆಗಲಿಲ್ಲ ಅಂದ್ರೆ ವೈರ್ ಅಥವಾ ಅರ್ಥ್. ಒಳ್ಳೆ ಟೇಬಲ್‌ಗಳಲ್ಲಿ ಇದಕ್ಕೆ ಬ್ಯಾಕಪ್ ಆಗಿ ಫ್ಲೋಟ್ ಸ್ವಿಚ್ ಇರುತ್ತೆ: ಟಾರ್ಚ್ ಮೇಲಕ್ಕೆ ತಳ್ಳಲ್ಪಟ್ಟಾಗ ಅದು ಒತ್ತುತ್ತೆ. ಆದರೆ ತೆಳು ಶೀಟ್ ಅಷ್ಟರೊಳಗೆ ಬಗ್ಗಿಬಿಡೋದರಿಂದ ಸೊನ್ನೆ ಸ್ವಲ್ಪ ಕೆಳಗೆ ಬರುತ್ತೆ.

ಇಲ್ಲೊಂದು ಎಚ್ಚರಿಕೆ. ಈ ಪರೀಕ್ಷೆಗಳಿಗೆ ಕಂಟ್ರೋಲರ್ ಆನ್ ಇರಬೇಕು, ಪ್ಲಾಸ್ಮಾ ಪವರ್ ಸೋರ್ಸ್ ಮಾತ್ರ ಮೇನ್ ಸ್ವಿಚ್‌ನಲ್ಲೇ ಆಫ್ ಆಗಿರಬೇಕು. ಅದರ ಓಪನ್ ಸರ್ಕ್ಯೂಟ್ ವೋಲ್ಟೇಜ್ 200 ವೋಲ್ಟ್ ಡಿಸಿ ದಾಟುತ್ತೆ. ಪ್ರೋಗ್ರಾಂ ಸ್ಟಾಪ್ ಮಾಡಿದ್ದೀನಿ ಅಂತ ಟಾರ್ಚ್‌ಗೆ ಕೈ ಹಾಕೋದು ಬೇಡ.

ಎರಡನೆಯದು ಆರ್ಕ್ ವೋಲ್ಟೇಜ್. ಕಟ್ ಶುರುವಾದ ಮೇಲೆ ಪ್ಲೇಟನ್ನ ಮುಟ್ಟಿ ನೋಡೋಕಾಗಲ್ಲ. ಆದರೆ ಆರ್ಕ್ ಉದ್ದ ಆದಷ್ಟೂ ಅದರ ವೋಲ್ಟೇಜ್ ಏರುತ್ತೆ. ಅಂದಾಜಿಗೆ 5 ವೋಲ್ಟ್ ಅಂದ್ರೆ ಅರ್ಧ ಮಿ.ಮೀ. ಅಂದ್ಕೊಳ್ಳಿ. ವೋಲ್ಟೇಜ್ ಏರಿದ್ರೆ ಟಾರ್ಚ್ ಇಳಿಸು, ಇಳಿದ್ರೆ ಏರಿಸು, ಇಷ್ಟೇ ಕಂಟ್ರೋಲರ್ ಕೆಲಸ. ತೊಂದರೆ ಏನಂದ್ರೆ ವೋಲ್ಟೇಜ್ ಬೇರೆ ಕಾರಣಕ್ಕೂ ಏರುತ್ತೆ. ಮೂಲೆಯಲ್ಲಿ ವೇಗ ಕಡಿಮೆಯಾದಾಗ ಏರುತ್ತೆ, ಈಗಾಗಲೇ ಕತ್ತರಿಸಿದ ಗೆರೆ ದಾಟುವಾಗ ಏರುತ್ತೆ. ಪಾಪದ ಕಂಟ್ರೋಲರ್ ಟಾರ್ಚ್ ಮೇಲಿದೆ ಅಂದ್ಕೊಂಡು ಅದನ್ನ ಪ್ಲೇಟ್‌ಗೆ ಗುದ್ದಿಸುತ್ತೆ. ಅದಕ್ಕೇ ವೇಗ ಇಳಿದಾಗ ಎತ್ತರ ನಿಯಂತ್ರಣವನ್ನ ತಡೆಹಿಡಿಯುವ ಸೆಟ್ಟಿಂಗ್ ಇರೋದು. ಎಲೆಕ್ಟ್ರೋಡ್ ತುದಿಯ ಹಾಫ್ನಿಯಂ ಸವೆದು ಗುಳಿ ಬಿದ್ದಾಗಲೂ ಅದೇ ಎತ್ತರಕ್ಕೆ ವೋಲ್ಟೇಜ್ ಏರುತ್ತೆ. ಆಗ ಟಾರ್ಚ್ ದಿನದಿಂದ ದಿನಕ್ಕೆ ಕೆಳಗೆ ಓಡುತ್ತೆ.

ಈ ಸವೆತಕ್ಕೆ ಮದ್ದು ಅಂತ ಕೆಲವು ಕಂಟ್ರೋಲರ್‌ಗಳು ಪ್ರತಿ ಕಟ್‌ನ ಶುರುವಿನಲ್ಲಿ ಬಂದ ವೋಲ್ಟೇಜನ್ನೇ ಅಳೆದು ಗುರಿಯಾಗಿ ಇಟ್ಟುಕೊಳ್ಳುತ್ತವೆ. ಒಳ್ಳೆ ಉಪಾಯ. ಆದರೆ ಇಲ್ಲೇ ಎರಡೂ ಭಾಗ ಒಂದಕ್ಕೊಂದು ಗಂಟು ಬೀಳೋದು: ಓಮಿಕ್ ಸೆನ್ಸಿಂಗ್ ಕೊಟ್ಟ ಸೊನ್ನೆ 1 ಮಿ.ಮೀ. ತಪ್ಪಿದ್ರೆ, ವೋಲ್ಟೇಜ್ ನಿಯಂತ್ರಣ ಆ ತಪ್ಪು ಎತ್ತರವನ್ನೇ ಕಟ್ ಮುಗಿಯೋವರೆಗೂ ನಿಷ್ಠೆಯಿಂದ ಕಾಪಾಡುತ್ತೆ. ಹೊರಗಿಂದ ನೋಡೋರಿಗೆ ವೋಲ್ಟೇಜ್ ಸೆಟ್ಟಿಂಗ್ ಕೆಟ್ಟಿದೆ ಅನ್ನಿಸುತ್ತೆ. ಕೆಟ್ಟಿರೋದು ಒಂದು ತೊಟ್ಟು ನೀರು.

ಹಾಗಾಗಿ ಹುಡುಕುವ ಕ್ರಮ ಹೀಗಿರಲಿ. ಮೊದಲು ಕ್ಲಿಪ್ ಪರೀಕ್ಷೆ, ಆಮೇಲೆ ಅರ್ಥ್ ಕ್ಲ್ಯಾಂಪ್, ಆಮೇಲೆ ನಾಝಲ್ ಮತ್ತು ಎಲೆಕ್ಟ್ರೋಡ್. ಇಷ್ಟೂ ಸರಿ ಇದ್ರೆ ವೋಲ್ಟೇಜ್ ನಿಯಂತ್ರಣ ಆಫ್ ಮಾಡಿ, ಸಮತಟ್ಟಾದ ಶೀಟ್ ಮೇಲೆ 1.5 ಮಿ.ಮೀ. ಎತ್ತರದಲ್ಲಿ ಒಂದು ನೇರ ಗೆರೆ ಕತ್ತರಿಸಿ. ಗೆರೆ ಚೆನ್ನಾಗಿ ಬಂತಾ? ಹಾಗಿದ್ರೆ ಮಾತ್ರ ಸೆಟ್ಟಿಂಗ್ಸ್ ತೆರೆಯಿರಿ. ಹೊಸ ನಾಝಲ್ ಹಾಕಿದ ದಿನ ಆ ಗೆರೆಯಲ್ಲಿ ಬಂದ ವೋಲ್ಟೇಜನ್ನ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿಡಿ. ಮುಂದಿನ ಬ್ಯಾಚ್‌ನ ಜೂನಿಯರ್ಸ್‌ಗೆ ಹೋಲಿಸಿ ನೋಡೋಕೆ ಒಂದು ನಂಬರ್ ಸಿಗುತ್ತೆ, ಆಪರೇಟರ್ ಅಣ್ಣನಿಗೂ ಬೈಗುಳ ತಪ್ಪುತ್ತೆ.