ಮೇಜಿನ ಮೇಲೊಂದು ಲೋಕೋ ಶೆಡ್

ಗೋಕಾಕದ ಮರದ ಹಣ್ಣು, ತರಕಾರಿಗಳು ಕೈಗೆತ್ತಿಕೊಳ್ಳುವವರೆಗೂ ನಿಜವೆಂದೇ ತೋರುತ್ತವೆ. ಹಸಿರು ಎಲ್ಲಿ ಹಳದಿಗೆ ತಿರುಗುತ್ತದೆ, ಕೆಂಪು ಎಲ್ಲಿ ಏರುತ್ತದೆ ಎಂದು ಬಲ್ಲವರ ಕೈಕೆಲಸ ಅದು. ರೈಲಿನ ಪುಟ್ಟ ಮಾದರಿ ಕಟ್ಟುವವರಿಗೂ ಅಂಥ ಕಣ್ಣೇ ಬೇಕು. ಎಂಜಿನ್‌ಗೆ ಕಲ್ಲಿದ್ದಲು, ನೀರು ತುಂಬಿ ಮುಂದಿನ ಓಟಕ್ಕೆ ಅಣಿಮಾಡುವ ಲೋಕೋ ಶೆಡ್‌ನಲ್ಲಿ ಆ ಕಣ್ಣಿಗೆ ಕೈತುಂಬ ಕೆಲಸ.

ಗೋಕಾಕ ಸೀಮೆಯ ಕೌಜಲಗಿಗೆ ರೈಲುಹಳಿ ಇಲ್ಲ. ಗಾಡಿ ಹಿಡಿಯಬೇಕಾದರೆ ಘಟಪ್ರಭಾಕ್ಕೋ ಗೋಕಾಕ ರೋಡ್‌ಗೋ ಹೋಗಬೇಕು. ಆ ನಿಲ್ದಾಣಗಳಿರುವ ಮೀರಜ್–ಲೋಂಡಾ ಮಾರ್ಗವನ್ನು 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿತು. ಆಗ ಅದು ಮೀಟರ್ ಗೇಜ್. ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ.

ಮಾದರಿ ಕಟ್ಟುವವರಿಗೆ ಈ ಇತಿಹಾಸ ತುಂಬ ಅನುಕೂಲಕರ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣದಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಸಿಗುವ ಅದರ ಹಳಿಯ ಅಗಲ 16.5 ಮಿ.ಮೀ. ಅದು ವಿದೇಶಗಳ 1,435 ಮಿ.ಮೀ. ಹಳಿಯ ಲೆಕ್ಕ. ಭಾರತದ 1,676 ಮಿ.ಮೀ. ಬ್ರಾಡ್ ಗೇಜ್‌ಗೆ 19 ಮಿ.ಮೀ.ಗಿಂತ ಹೆಚ್ಚು ಬೇಕು. ಮೀಟರ್ ಗೇಜ್‌ಗಾದರೆ 11.5 ಮಿ.ಮೀ. ಸಾಕು, ಕಾರ್ಖಾನೆಗಳಲ್ಲಿ ತಯಾರಾಗುವ 12 ಮಿ.ಮೀ. ಹಳಿ ಅದಕ್ಕೆ ಬಹುತೇಕ ಸರಿಹೊಂದುತ್ತದೆ. ಹೀಗಾಗಿ ಬೆಳಗಾವಿ ಸೀಮೆಯ ಹಳೆಯ ರೈಲನ್ನು ಅಳತೆ ತಪ್ಪದೆ ಮರಳಿ ಕಟ್ಟಬಹುದು.

ಕತ್ತರಿ ಹಿಡಿಯುವ ಮೊದಲು ಎಂಜಿನ್ನಿನ ದಿನಚರಿ ತಿಳಿಯಬೇಕು. ಹಬೆ ಎಂಜಿನ್ ಓಟ ಮುಗಿಸಿ ಬಂದಾಗ ಅದರ ಒಲೆಯಲ್ಲಿ ಬೂದಿ, ಕಿಟ್ಟ ತುಂಬಿರುತ್ತದೆ. ಅದನ್ನು ಹಳಿಗಳ ನಡುವಿನ ಗುಂಡಿಗೆ ಕೆಡವಬೇಕು. ಎಂಜಿನ್ನಿನ ಹಿಂದಿನ ಬಂಡಿಯಾದ ಟೆಂಡರ್‌ಗೆ ಕಲ್ಲಿದ್ದಲು, ನೀರು ತುಂಬಬೇಕು. ಚಕ್ರ ಜಾರದಂತೆ ಹಳಿಯ ಮೇಲೆ ಉದುರಿಸಲು ಒಣಮರಳು ಹಾಕಬೇಕು. ಹಸಿ ಮರಳು ಕೊಳವೆಯಲ್ಲಿ ಇಳಿಯುವುದಿಲ್ಲ, ಆದ್ದರಿಂದ ಮರಳು ಒಣಗಿಸುವ ಒಲೆಯೂ ಬೇಕು. ಆಮೇಲೆ ಟರ್ನ್‌ಟೇಬಲ್ ಮೇಲೆ ಎಂಜಿನ್ನಿನ ಮುಖ ತಿರುಗಿಸಿ, ಶೆಡ್‌ಗೆ ಒಯ್ದು ತಪಾಸಣೆ. ಊರಿಂದೂರಿಗೆ ಈ ಕ್ರಮ ತುಸು ಬದಲಾಗುತ್ತಿತ್ತು. ಆದರೆ ಎಂಜಿನ್ ಹಿಂದೆ ಮುಂದೆ ಅಲೆಯದೆ ಕೆಲಸ ಮುಗಿಯುವಂತೆ ಹಳಿ ಜೋಡಿಸುವುದು ಎಲ್ಲೆಡೆಯ ಕಾಳಜಿ. ಮಾದರಿಯ ನಕ್ಷೆ ಹುಟ್ಟುವುದೂ ಅಲ್ಲಿಂದಲೇ.

ಜಾಗದ ಲೆಕ್ಕ ಮುಂದಿನದು. ದೇಶದ ಮೀಟರ್ ಗೇಜ್ ಹಳಿಗಳಲ್ಲಿ ದಶಕಗಳ ಕಾಲ ಓಡಿದ ವೈಪಿ ಎಂಜಿನ್ ಸುಮಾರು 19 ಮೀಟರ್ ಉದ್ದ. ಮೇಜಿನ ಮೇಲೆ ಅದು 22 ಸೆಂ.ಮೀ. ಆಗುತ್ತದೆ. ಟರ್ನ್‌ಟೇಬಲ್ ಅದಕ್ಕಿಂತ ತುಸು ದೊಡ್ಡದಿರಬೇಕು. ಐದೂವರೆ ಅಡಿಯ ಫೈರ್‌ಮನ್ ಇಲ್ಲಿ 19 ಮಿ.ಮೀ. ಎತ್ತರ. 12 ಮಿ.ಮೀ. ಪ್ಲೈವುಡ್ಡನ್ನು ಹಳಿಗಳ ನಡುವೆ ಉದ್ದಕ್ಕೆ ಕೊರೆದರೆ ನಿಜದಲ್ಲಿ ಒಂದು ಮೀಟರ್ ಆಳವಾಗುವ ಗುಂಡಿ ಸಿದ್ಧ.

ಮಿಕ್ಕ ಸಾಮಾನು ಮನೆಯಲ್ಲೇ ಇದೆ. ಬರೆದು ಮುಗಿದ ರೀಫಿಲ್ ನೀರಿನ ಕೊಳವೆಯಾಗುತ್ತದೆ. ಇದ್ದಿಲು ಕುಟ್ಟಿ ಜರಡಿ ಹಿಡಿದರೆ ಕಲ್ಲಿದ್ದಲ ರಾಶಿ. ಒಲೆಯ ಬೂದಿ ಬೂದಿಗುಂಡಿಗೇ ಸಲ್ಲುತ್ತದೆ. ಇವನ್ನು ಉದುರಿಸಿ, ನೀರು ಬೆರೆಸಿದ ಬಿಳಿ ಅಂಟನ್ನು ಹನಿಹನಿಯಾಗಿ ಬಿಟ್ಟರೆ ಒಣಗಿ ಗಟ್ಟಿಯಾಗುತ್ತವೆ.

ಇನ್ನು ಕೊಳೆ. ಹೊಸಬರು ಎಲ್ಲ ಕಡೆಗೂ ಒಂದೇ ಕಪ್ಪು ಬಳಿಯುತ್ತಾರೆ. ಶೆಡ್ ಸುಟ್ಟ ಮನೆಯಂತೆ ಕಾಣುತ್ತದೆ. ನಿಜದ ಶೆಡ್‌ನಲ್ಲಿ ಪ್ರತಿ ಕಲೆಗೂ ಒಂದು ಕಾರಣ. ಮಸಿ ಹಿಡಿಯುವುದು ಹೊಗೆ ಹೋಗುವ ಚಾವಣಿಯ ಕಂಡಿಗಳ ಸುತ್ತ. ಎಣ್ಣೆಯ ಜಿಡ್ಡು ಎಂಜಿನ್ ನಿಲ್ಲುವ ಕಡೆ ಹಳಿಗಳ ನಡುವೆ ಹೊಳೆಯುತ್ತದೆ. ನೀರಿನ ಕಂಬದ ಬುಡದಲ್ಲಿ ಪಾಚಿ, ಗಡಸು ನೀರು ಸೋರಿದಲ್ಲಿ ಸುಣ್ಣದ ಬಿಳಿ ಗೆರೆ. ಕಲ್ಲಿದ್ದಲ ಕಟ್ಟೆಯ ಸುತ್ತ ಪುಡಿ ಚೆಲ್ಲಿರುತ್ತದೆ. ಬುಟ್ಟಿ ಹೊತ್ತವರು ದಿನವೂ ನಡೆದ ದಾರಿ ಮಾತ್ರ ಗಟ್ಟಿ ನೆಲ. ಸಣ್ಣ ಕುಂಚದಲ್ಲಿ ಆ ದಾರಿ ಮೂಡಿಸಿದರೆ, ಒಬ್ಬ ಮನುಷ್ಯನ ಬೊಂಬೆಯನ್ನೂ ಇಡದೆ ದುಡಿದವರು ಕಾಣಿಸುತ್ತಾರೆ.

ನೋಡಿ ಕಲಿಯಲು ದೂರ ಹೋಗಬೇಕಿಲ್ಲ. 2020ರ ಆಗಸ್ಟ್‌ನಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯದ ಎರಡು ಹಳೆಯ ಕಟ್ಟಡಗಳಲ್ಲಿ ಒಂದರ ಹೆಸರು ಮಲಪ್ರಭಾ, ಇನ್ನೊಂದರದು ಘಟಪ್ರಭಾ. 1979ರಲ್ಲಿ ಆರಂಭವಾದ ಮೈಸೂರಿನ ಸಂಗ್ರಹಾಲಯದಲ್ಲಿ ಹಬೆ ಎಂಜಿನ್‌ಗಳ ಪಕ್ಕದಲ್ಲೇ ನಿಂತು ಮೊಳೆ, ಕೊಳವೆ, ಮೆಟ್ಟಿಲು ಗಮನಿಸಬಹುದು. ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಸಂಗ್ರಹಾಲಯದಲ್ಲಿ ಇಡೀ ಊರೇ ಮಾದರಿಯಾಗಿ ಓಡಾಡುತ್ತದೆ.

ಕಟ್ಟಿ ಮುಗಿದ ಮೇಲೆ ಒಂದು ಎಂಜಿನ್ನನ್ನು ಒಳಗೆ ಬಿಟ್ಟು ನೋಡಬೇಕು. ಬೂದಿಗುಂಡಿಯ ಮೇಲೆ ಒಂದು ನಿಮಿಷ, ಕಲ್ಲಿದ್ದಲ ಕಟ್ಟೆಯ ಬಳಿ ಇನ್ನಷ್ಟು ಹೊತ್ತು, ನೀರಿನ ಕಂಬದ ಕೆಳಗೆ ಟೆಂಡರ್‌ನ ಬಾಯಿ ಸರಿಯಾಗಿ ಬರುವಂತೆ ಮತ್ತೊಂದು ನಿಲುಗಡೆ. ಟರ್ನ್‌ಟೇಬಲ್ ನಿಧಾನಕ್ಕೆ ಅರ್ಧ ಸುತ್ತು ತಿರುಗುತ್ತದೆ. ಎಂಜಿನ್ ಈಗ ಬಂದ ದಾರಿಗೇ ಮುಖ ಮಾಡಿ ಮೀರಜ್ ಗಾಡಿಗಾಗಿ ಕಾಯುತ್ತ ನಿಲ್ಲುತ್ತದೆ.