ಅಸ್ಥಿಮಾರ್ಗದಿಂದ ಶ್ರವಣ

ಕರ್ಣವಿವರದಲ್ಲಿರುವ ಆಕಾಶವೇ ಶ್ರೋತ್ರೇಂದ್ರಿಯವೆಂಬುದು ತಾರ್ಕಿಕರ ಮತ. ತರ್ಕಸಂಗ್ರಹವನ್ನು ಓದಿದ ಬಾಲಕರೂ ಇದನ್ನು ಬಲ್ಲರು. ಹಾಗಾದರೆ ಕಿವಿಯ ದ್ವಾರವು ಮುಚ್ಚಿಕೊಂಡೇ ಹುಟ್ಟಿದ ಶಿಶುವಿಗೆ ಶಬ್ದಗ್ರಹಣವು ಎಂದಿಗೂ ಅಸಾಧ್ಯವೆನ್ನಬೇಕಾಗುವುದು. ಅನುಭವವು ಹಾಗಿಲ್ಲ. ಒಳಗಿವಿ ಸ್ವಸ್ಥವಾಗಿದ್ದಲ್ಲಿ, ಅಂತಹ ಶಿಶುವಿನ ತಲೆಯೆಲುಬಿಗೆ ಸ್ಪಂದನವನ್ನು ಮುಟ್ಟಿಸಿದರೆ ಅದು ಕೇಳುವುದು. ಇದರ ಉಪಪತ್ತಿಯು ವಿಚಾರಿಸತಕ್ಕುದಾಗಿದೆ.

ಶಬ್ದವು ಒಳಗಿವಿಯನ್ನು ಸೇರುವ ಮಾರ್ಗಗಳು ಎರಡು. ವಾಯುಮಾರ್ಗದಲ್ಲಿ ಗಾಳಿಯ ಅಲೆಗಳು ಕಿವಿಯ ತಮಟೆಯನ್ನು ಅಲುಗಿಸಿ, ಅದರ ಹಿಂದಿನ ಮೂರು ಕಿರುಮೂಳೆಗಳ ಮೂಲಕ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಳಗಿವಿಯ ದ್ರವವನ್ನು ಕದಲಿಸುವುವು. ಅಸ್ಥಿಮಾರ್ಗದಲ್ಲಿ ಕಪಾಲವೇ ನಡುಗಿ ಆ ದ್ರವವನ್ನು ಚಲಿಸುವಂತೆ ಮಾಡುವುದು. ಕಿವಿಗಳೆರಡನ್ನೂ ಬೆರಳಿನಿಂದ ಮುಚ್ಚಿ ಮಾತನಾಡಿದರೆ ತನ್ನ ದನಿಯು ತನಗೆ ಇನ್ನೂ ಗಟ್ಟಿಯಾಗಿ ಕೇಳುವುದು ಇದರಿಂದಲೇ. (ಧ್ವನಿಮುದ್ರಿಕೆಯಲ್ಲಿ ತನ್ನ ಕಂಠವೇ ತನಗೆ ಪರಕೀಯವಾಗಿ ತೋರುವುದಕ್ಕೂ ಕಾರಣವಿದೇ, ಅಲ್ಲಿ ಎಲುಬಿನ ಪಾಲು ಇರುವುದಿಲ್ಲ.) ಹಲ್ಲಿನಲ್ಲಿ ಕಚ್ಚಿದ ದಂಡದ ಮೂಲಕ ಶಬ್ದವು ಕೇಳುವುದೆಂದು ಇಟಲಿಯ ಕಾರ್ಡಾನೋ 1550ರಲ್ಲೇ ಬರೆದಿದ್ದನು. 1932ರಲ್ಲಿ ಬೆಕೆಶಿ ಎಂಬ ವಿಜ್ಞಾನಿಯು ಒಂದೇ ಸ್ವರವನ್ನು ಎರಡು ಮಾರ್ಗಗಳಿಂದಲೂ ಕಳುಹಿಸಿ, ಒಂದು ಇನ್ನೊಂದನ್ನು ಅಡಗಿಸುವಂತೆ ಮಾಡಿ, ಎರಡರ ಗಂತವ್ಯವೂ ಒಂದೇ ಎಂದು ತೋರಿಸಿದನು. ತಾರ್ಕಿಕರ ಲಕ್ಷಣವನ್ನು ಉಳಿಸಬೇಕಾದರೆ ‘ವಿವರ’ಕ್ಕೆ ಆ ಸುರುಳಿಯೆಂದೇ ಅರ್ಥಮಾಡಬೇಕು, ಆದರೆ ಅದರಲ್ಲಿ ತುಂಬಿರುವುದು ನೀರು!

ಕನ್ನಡದಲ್ಲಿ ‘ಕಿವುಡು’ ಎಂಬ ಮಾತು ಒಂದೇ ಆದರೂ ವ್ಯಾಧಿಯು ಒಂದಲ್ಲ. ದ್ವಾರದ ಅಭಾವ, ಬಹುಕಾಲ ಸೋರುವ ಕಿವಿ, ಕಿರುಮೂಳೆಗಳ ಬಿಗಿತ ಇವುಗಳಿಂದ ದಾರಿ ಕಟ್ಟಿದ ಕಿವುಡು ಬೇರೆ. ಒಳಗಿವಿಯೇ ಕೆಟ್ಟ ಕಿವುಡು ಬೇರೆ. ಶ್ರುತಿಕವೆಯ ನಾದವು ಕಿವಿಯ ಮುಂದೆ ಹಿಡಿದಾಗಿಗಿಂತ ಹಿಂದಿನ ಎಲುಬಿಗೆ ಒತ್ತಿದಾಗ ಹೆಚ್ಚಾಗಿ ಕೇಳಿದರೆ ಮೊದಲನೆಯದೆಂದು ಊಹಿಸುವರು. ಇದು 1855ರಲ್ಲಿ ರಿನ್ನೆ ಹೇಳಿದ ಪರೀಕ್ಷೆ. ಅಸ್ಥಿಯಂತ್ರವು ಮುಖ್ಯವಾಗಿ ಇಂತಹವರಿಗೇ ಉಪಕಾರಿ. ಒಂದೇ ಕಿವಿ ಪೂರ್ಣವಾಗಿ ಕೆಟ್ಟವರಿಗೂ ಪ್ರಯೋಜನವುಂಟು. ಆ ಪಕ್ಕದ ಶಬ್ದವನ್ನು ಕಪಾಲವು ನೆಟ್ಟಗಿರುವ ಕಿವಿಗೆ ಒಯ್ಯುವುದು. ಎರಡು ಒಳಗಿವಿಗಳೂ ತೀರ ಕೆಟ್ಟಿದ್ದರೆ ಇದರಿಂದ ಫಲವಿಲ್ಲ. ಈ ವಿವೇಕವಿಲ್ಲದೆ ಕಿವುಡರೆಲ್ಲರಿಗೂ ಇದನ್ನು ಮಾರುವುದು ವಂಚನೆಯೇ ಸರಿ.

ಸ್ವೀಡನ್ನಿನ ಬ್ರೋನೆಮಾರ್ಕ್ 1952ರಲ್ಲಿ ಟೈಟೇನಿಯಂ ಲೋಹವು ಮೂಳೆಯೊಡನೆ ಬೆಸೆದುಕೊಳ್ಳುವುದನ್ನು ಕಂಡನು. ಅದನ್ನಾಧರಿಸಿ 1977ರಲ್ಲಿ ಅಲ್ಲಿನ ಗೋಥೆನ್‌ಬರ್ಗ್ ನಗರದ ವೈದ್ಯರು ಕಿವಿಯ ಹಿಂದಿನ ಎಲುಬಿನಲ್ಲಿ ಆ ಲೋಹದ ಮೊಳೆಯನ್ನು ಕೂರಿಸಿ, ಅದಕ್ಕೆ ಯಂತ್ರವನ್ನು ತೊಡಿಸಿದರು. ಚರ್ಮದ ಅಡ್ಡಿ ತಪ್ಪಿತು. ಎಳೆಯ ಶಿಶುಗಳ ಕಪಾಲವು ತೆಳುವಾದುದರಿಂದ ಮೊಳೆಯು ಸಲ್ಲದು; ಯಂತ್ರವನ್ನು ಮೆತ್ತನೆಯ ಪಟ್ಟಿಯಿಂದ ತಲೆಗೆ ಕಟ್ಟುವರು. ಮಾತನ್ನು ಕೇಳಿ ಕಲಿಯುವ ಪ್ರಾಯವು ಅದೇ ಆದುದರಿಂದ, ಮೊಳೆಯ ಕಾಲ ಬರಲೆಂದು ಕಾಯದೆ, ಹುಟ್ಟಿದ ಕೆಲವು ತಿಂಗಳುಗಳಲ್ಲಿಯೇ ಪಟ್ಟಿಯನ್ನು ಕಟ್ಟಿಸುವುದು ವಿಹಿತ.